ಲ್ಯಾಪ್‌ಟಾಪ್ ಕೀಗಳ ಹೊಳಪು: ಜಿಡ್ಡು ಯಾವುದು, ಸವೆತ ಯಾವುದು

ಲ್ಯಾಪ್‌ಟಾಪ್ ತಂದು ಆರೇಳು ತಿಂಗಳಾಗಿರುತ್ತದೆ. ಕಿಟಕಿಯ ಬಿಸಿಲು ಓರೆಯಾಗಿ ಬಿದ್ದ ಒಂದು ಬೆಳಿಗ್ಗೆ ನೋಡಿದರೆ ನಾಲ್ಕೈದು ಅಕ್ಷರಗಳ ಕೀಗಳು ಮತ್ತು ಸ್ಪೇಸ್‌ಬಾರಿನ ಮೇಲೆ ಹೆಬ್ಬೆರಳಗಲದ ಒಂದು ಜಾಗ ಮಿಣಮಿಣ ಅನ್ನುತ್ತಿರುತ್ತವೆ. ಪಕ್ಕದ ಕೀಗಳೆಲ್ಲ ಅಂಗಡಿಯಿಂದ ಬಂದ ದಿನದ ಹಾಗೇ ಮಂಕಾಗಿವೆ. ಕೂಡಲೇ ಕೈ ಹೋಗುವುದು ಒದ್ದೆ ಬಟ್ಟೆಗೆ. ಅದಕ್ಕೆ ಜಗ್ಗದಿದ್ದರೆ ಸ್ಯಾನಿಟೈಸರಿಗೆ. ಅದಕ್ಕೂ ಹೋಗದಿದ್ದರೆ ಪಾತ್ರೆ ಉಜ್ಜುವ ಸ್ಪಂಜಿಗೆ. ಸ್ಪಂಜಿನ ಹೊತ್ತಿಗೆ ಕೀ ನಿಜವಾಗಿ ಕೆಟ್ಟಿರುತ್ತದೆ.

ಹೊಳಪಿನಲ್ಲಿ ಎರಡು ಬಗೆ. ಒಂದು, ಕೀ ಮೇಲೆ ಕೂತ ಜಿಡ್ಡಿನ ಪದರ. ಒರೆಸಿದರೆ ಹೋಗುತ್ತದೆ. ಇನ್ನೊಂದು, ಪ್ಲಾಸ್ಟಿಕ್ಕಿನ ಮೇಲ್ಮೈಯೇ ಸವೆದು ನುಣುಪಾದದ್ದು. ಅದನ್ನು ಯಾವ ದ್ರಾವಣವೂ ಹಿಂದಕ್ಕೆ ತರಲಾರದು. ಯಾವುದು ಯಾವುದೆಂದು ನೋಡದೆ ಉಜ್ಜಲು ಕೂತರೆ ಜಿಡ್ಡು ತೆಗೆಯುವ ಹೆಸರಿನಲ್ಲಿ ಸವೆತ ಹೆಚ್ಚುತ್ತದೆ. ಹೊಳಪು ಬಾರದಂತೆ ತಡೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಜಿಡ್ಡನ್ನು ದೂರ ಇಡುವುದು, ಉಳಿದ ಕಾಲು ಪಾಲು ಉಜ್ಜದೇ ಇರುವುದು.

ಮಂಕಾದ ಕೀ ಯಾಕೆ ಮಿರುಗುತ್ತದೆ

ಹೆಚ್ಚಿನ ಲ್ಯಾಪ್‌ಟಾಪ್‌ಗಳ ಕೀ ಮೇಲ್ಭಾಗ ಎಬಿಎಸ್ ಪ್ಲಾಸ್ಟಿಕ್ಕಿನದು. ಅಚ್ಚಿನಲ್ಲೇ ಅದಕ್ಕೆ ಸಣ್ಣ ತರಿ ಕೊಟ್ಟಿರುತ್ತಾರೆ, ಇಲ್ಲವೇ ಮೇಲೊಂದು ಮಂಕು ಲೇಪ ಹಾಕಿರುತ್ತಾರೆ. ಬರಿಗಣ್ಣಿಗೆ ಬಯಲಿನಂತೆ ಕಂಡರೂ ಅಲ್ಲಿರುವುದು ಸಾವಿರಾರು ಪುಟ್ಟ ಗುಡ್ಡ, ತಗ್ಗು. ಬಿದ್ದ ಬೆಳಕು ಅವುಗಳಿಂದ ದಿಕ್ಕುದಿಕ್ಕಿಗೆ ಚೆದುರುವುದರಿಂದ ಕೀ ಮಂಕಾಗಿ ಕಾಣುತ್ತದೆ. ಜಿಡ್ಡು ಬಂದಾಗ ತಗ್ಗುಗಳು ತುಂಬಿ ಮಟ್ಟವಾಗುತ್ತವೆ. ಸವೆದಾಗ ಗುಡ್ಡಗಳ ತಲೆ ಹಾರಿ ಮಟ್ಟವಾಗುತ್ತವೆ. ಎರಡರಲ್ಲೂ ಬೆಳಕು ಕನ್ನಡಿಯಲ್ಲಿ ಬಿದ್ದಂತೆ ಒಂದೇ ದಿಕ್ಕಿಗೆ ಮರಳುತ್ತದೆ. ಕಪ್ಪು ಕೀಗಳಲ್ಲಿ ಇದು ಹೆಚ್ಚು ಎದ್ದು ಕಾಣಲು ಕಾರಣ, ಕಪ್ಪು ಬಣ್ಣ ಉಳಿದ ಬೆಳಕನ್ನೆಲ್ಲ ನುಂಗಿ ಹೊಳಪಿನ ಚೂರನ್ನು ಮಾತ್ರ ಬಿಡುತ್ತದೆ. ಬೆಳ್ಳಿಬಣ್ಣದ ಕೀ ಅಷ್ಟೇ ಸವೆದಿದ್ದರೂ ಗುಟ್ಟು ಬಿಟ್ಟುಕೊಡುವುದಿಲ್ಲ.

ಹಳೇ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ಓಡಾಡಿದಷ್ಟೂ, ಒರೆಸಿದಷ್ಟೂ ಹೊಳೆಯುತ್ತದೆ. ಅಲ್ಲಿ ಅದನ್ನು ನೋಡಿ ಖುಷಿಪಡುತ್ತೇವೆ. ಕೀಬೋರ್ಡಿನಲ್ಲಿ ಆಗುವುದೂ ಅದೇ ಕ್ರಿಯೆ, ಇಲ್ಲಿ ಮಾತ್ರ ಯಾರಿಗೂ ಬೇಡ.

ಒಂದು ವಸ್ತು ಎಷ್ಟು ಸವೆಯುತ್ತದೆ ಎಂಬುದಕ್ಕೆ ಆರ್ಚರ್ಡ್ ಎಂಬ ವಿಜ್ಞಾನಿ 1953ರಲ್ಲಿ ಕೊಟ್ಟ ಸರಳ ಸೂತ್ರವೊಂದಿದೆ: ಸವೆತವು ಒತ್ತಡಕ್ಕೂ ಉಜ್ಜಿದ ದೂರಕ್ಕೂ ನೇರ ಅನುಪಾತದಲ್ಲಿ, ವಸ್ತುವಿನ ಗಡಸುತನಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ. ಇದರಲ್ಲಿ ನಮಗೆ ಬೇಕಾದ ಮಾತು ‘ಉಜ್ಜಿದ ದೂರ’. ನೇರವಾಗಿ ಇಳಿದು ನೇರವಾಗಿ ಎದ್ದ ಬೆರಳು ಕೀಯನ್ನು ಹೆಚ್ಚು ಸವೆಸುವುದಿಲ್ಲ, ಜಾರಿದ ಬೆರಳು ಸವೆಸುತ್ತದೆ. ಹಾಗೆಯೇ ಒರೆಸುವ ಬಟ್ಟೆಯೂ. ಒಂದು ಕೀಯನ್ನು ಇಪ್ಪತ್ತು ಸಲ ತಿಕ್ಕಿದರೆ ಬೆರಳು ಎಷ್ಟೋ ದಿನದಲ್ಲಿ ಜಾರುವ ದೂರವನ್ನು ಬಟ್ಟೆ ಅರ್ಧ ನಿಮಿಷದಲ್ಲಿ ಮುಗಿಸಿರುತ್ತದೆ, ಅದೂ ಹೆಚ್ಚಿನ ಒತ್ತಡದಲ್ಲಿ.

ಹಿಂಬೆಳಕಿರುವ ಕೀಬೋರ್ಡಿನ ಕಥೆ ಇನ್ನೂ ಸೂಕ್ಷ್ಮ. ಅಲ್ಲಿ ಕೀ ಬೆಳಕು ಹಾಯುವ ಪ್ಲಾಸ್ಟಿಕ್ಕಿನದು. ಮೇಲೆ ಕಪ್ಪು ಬಣ್ಣ ಬಳಿದು, ಅಕ್ಷರದ ಆಕಾರದಲ್ಲಿ ಆ ಬಣ್ಣವನ್ನು ಲೇಸರಿನಿಂದ ಕೆರೆದು ತೆಗೆದು, ಅದರ ಮೇಲೆ ರಕ್ಷಣೆಯ ತೆಳು ಲೇಪ ಕೊಟ್ಟಿರುತ್ತಾರೆ. ಸವೆತ ಲೇಪವನ್ನು ದಾಟಿದರೆ ಮುಂದಿನದು ಬಣ್ಣ. ಕೀಯ ಅಂಚಿನಲ್ಲಿ, ಅಕ್ಷರದ ಪಕ್ಕದಲ್ಲಿ ಸೂಜಿಮೊನೆಯಷ್ಟು ಬೆಳಕು ಸೋರತೊಡಗಿದರೆ ಅಲ್ಲಿ ಬಣ್ಣವೇ ಹೋಗಿದೆ ಎಂದರ್ಥ. ಇಂಥ ಕೀಗೆ ಆಲ್ಕೊಹಾಲ್ ಹಾಕಿ ತಿಕ್ಕುವುದು ಸಾಲದ ಮೇಲೆ ಸಾಲ ಮಾಡಿದಂತೆ.

ಮೊದಲು ಟಾರ್ಚ್ ಹಿಡಿದು ನೋಡಿ

ರಾತ್ರಿ ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಕೋಣೆಯ ದೀಪ ಆರಿಸಿ. ಮೊಬೈಲಿನ ಟಾರ್ಚನ್ನು ಕೀಬೋರ್ಡಿನ ಒಂದು ಬದಿಯಲ್ಲಿ, ಕೀಗಳ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಹಿಡಿದು ಎದುರು ಬದಿಯಿಂದ ನೋಡಿ. ಹೋಲಿಕೆಗೆ ನೀವು ಮುಟ್ಟದ ಕೀಯೊಂದನ್ನು ಇಟ್ಟುಕೊಳ್ಳಿ, ಮೇಲಿನ ಸಾಲಿನ ಎಫ್-7 ಅಥವಾ ಎಫ್-8 ಸಾಮಾನ್ಯವಾಗಿ ಹೊಸದರಂತೆಯೇ ಇರುತ್ತದೆ.

ಈಗ ಅತಿ ಹೆಚ್ಚು ಹೊಳೆಯುವ ಒಂದೇ ಕೀ ಆರಿಸಿಕೊಳ್ಳಿ. ಮೈಕ್ರೋಫೈಬರ್ ಬಟ್ಟೆಯ ಮೂಲೆಗೆ ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ ಹಾಕಿ, ಒಂದೇ ದಿಕ್ಕಿನಲ್ಲಿ ನಾಲ್ಕೈದು ಸಲ ಮೆಲ್ಲಗೆ ಎಳೆಯಿರಿ. ಒಂದು ನಿಮಿಷ ಆರಲು ಬಿಟ್ಟು ಮತ್ತೆ ಟಾರ್ಚ್ ಹಿಡಿಯಿರಿ. ಕೀ ಎಫ್-7ರಷ್ಟೇ ಮಂಕಾದರೆ ಅದು ಬರೀ ಜಿಡ್ಡು, ಚಿಂತೆಯಿಲ್ಲ. ಮಂಕಾಗದೆ ಕೀಯ ನಡುವೆ ಬೆರಳ ತುದಿಯ ಆಕಾರದ ಮೊಟ್ಟೆಯಂಥ ಹೊಳಪು ಉಳಿದರೆ, ಸುತ್ತಲಿನ ಅಂಚು ಮಾತ್ರ ತರಿತರಿಯಾಗಿ ಕಂಡರೆ, ಅದು ಸವೆತ. ಆ ಕೀಯ ಮಟ್ಟಿಗೆ ಇನ್ನು ಒರೆಸಿ ಲಾಭವಿಲ್ಲ. ಹೆಚ್ಚಿನ ಕೀಬೋರ್ಡುಗಳಲ್ಲಿ ಎರಡೂ ಬೆರೆತಿರುತ್ತವೆ: ಒರೆಸಿದ ಮೇಲೆ ಹೊಳಪು ಅರ್ಧ ಇಳಿಯುತ್ತದೆ, ಅರ್ಧ ಉಳಿಯುತ್ತದೆ.

ಸ್ಪೇಸ್‌ಬಾರನ್ನೂ ಹಾಗೇ ನೋಡಿ. ಬಹುತೇಕರು ಒಂದೇ ಹೆಬ್ಬೆರಳು ಬಳಸುವುದರಿಂದ ಹೊಳಪು ಒಂದೇ ಕಡೆ, ಅದೂ ಹೆಬ್ಬೆರಳಿನ ಪಕ್ಕೆ ತಾಗುವ ಓರೆ ಪಟ್ಟಿಯಾಗಿ ಇರುತ್ತದೆ. ಆ ಪಟ್ಟಿಯಲ್ಲಿ ಗೀರುಗಳು ಕಂಡರೆ ಅದು ಉಗುರಿನ ಕೆಲಸ. ಉಗುರು ಬೆರಳಿನ ಮಾಂಸವನ್ನು ದಾಟಿ ಬೆಳೆದಿದ್ದರೆ ಕೀಗೆ ಮೊದಲು ತಾಗುವುದು ಅದೇ.

ಕನ್ನಡ ಟೈಪಿಸುವವರ ಕೀಬೋರ್ಡ್ ಬೇರೆ ಕಡೆ ಸವೆಯುತ್ತದೆ

ಇಂಗ್ಲಿಷಿನಲ್ಲಿ ಇ ಕೀ ಮೊದಲು ಸವೆಯುತ್ತದೆ, ಆಟ ಆಡುವವರದ್ದು ಡಬ್ಲ್ಯು, ಎ, ಎಸ್, ಡಿ. ಕನ್ನಡದಲ್ಲಿ ಅದು ನೀವು ಬಳಸುವ ಕೀಬೋರ್ಡ್ ವಿನ್ಯಾಸದ, ಅಂದರೆ ಯಾವ ಕೀಗೆ ಯಾವ ಅಕ್ಷರ ಎಂಬುದರ, ಮೇಲೆ ನಿಂತಿದೆ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ‘ಬರಹ’ ತಂತ್ರಾಂಶದಂಥ ಲಿಪ್ಯಂತರದಲ್ಲಿ, ಅಂದರೆ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವ ಕ್ರಮದಲ್ಲಿ, ಅದಕ್ಕೆ ಎ ಕೀಯನ್ನು ಮೂರು ಸಲ ಒತ್ತಬೇಕು, ಡ ಬರಲು ಶಿಫ್ಟ್ ಬೇರೆ. ‘ನುಡಿ’ ತಂತ್ರಾಂಶದ ಕೆ.ಪಿ. ರಾವ್ ವಿನ್ಯಾಸದಲ್ಲಿ ಎ ಬೇಡವೇ ಬೇಡ: ಕೆ, ಎನ್, ಎಫ್, ಎನ್, ಡಬ್ಲ್ಯು. ಭಾರತೀಯ ಭಾಷೆಗಳಿಗೆಲ್ಲ ಇರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕೆ, ವಿ, ಡಿ, ವಿ, ಆಮೇಲೆ ಚೌಕ ಆವರಣದ ಕೀ.

ನಮ್ಮ ಭಾಷೆಯಲ್ಲಿ ಒತ್ತಕ್ಷರ ಹೆಜ್ಜೆಹೆಜ್ಜೆಗೂ ಬರುವುದರಿಂದ ಒತ್ತು ಕೊಡುವ ಕೀ, ಅಂದರೆ ನುಡಿ ಬಳಸುವವರಿಗೆ ಎಫ್, ಇನ್‌ಸ್ಕ್ರಿಪ್ಟಿನವರಿಗೆ ಡಿ, ಬಿಡುವಿಲ್ಲದ ಕೀಗಳು. ಎಫ್ ಮೇಲೆ ಬೆರಳಿಗೆ ಗುರುತು ಸಿಗಲೆಂದು ಒಂದು ಉಬ್ಬುಗೆರೆ ಇರುತ್ತದಲ್ಲ, ನುಡಿಯವರ ಕೀಬೋರ್ಡಿನಲ್ಲಿ ಮೊದಲು ಮಿರುಗುವುದು ಆ ಗೆರೆಯ ತಲೆ. ಇನ್‌ಸ್ಕ್ರಿಪ್ಟಿನಲ್ಲಿ ಸ್ವರಚಿಹ್ನೆಗಳೆಲ್ಲ ಎಡಗೈಯಲ್ಲಿ ಇರುವುದರಿಂದ ಇ, ಎಫ್, ಜಿ ಕೀಗಳೂ ಬೇಗ ನುಣ್ಣಗಾಗುತ್ತವೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಬೇಕಾದ್ದರಿಂದ ಎಡ ಶಿಫ್ಟಿನ ಒಂದು ಮೂಲೆ ಹೊಳೆಯುತ್ತದೆ. ಬಲ ಶಿಫ್ಟ್ ಹೊಸದಾಗಿಯೇ ಉಳಿದಿರುತ್ತದೆ. ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್ ಎಂದು ರೂಢಿ ಮಾಡಿಕೊಂಡರೆ ಸವೆತ ಹಂಚಿಹೋಗುತ್ತದೆ, ಬೆರಳು ತಿರುಚಿ ಜಾರುವುದೂ ತಪ್ಪುತ್ತದೆ. ಕಾಪಿ, ಪೇಸ್ಟಿಗೆ ಕಿರುಬೆರಳನ್ನು ಎಳೆದೆಳೆದು ಎಡ ಕಂಟ್ರೋಲ್ ಒತ್ತುವವರಿಗೂ ಇದೇ ಮಾತು.

ಜಿಡ್ಡು ಬರುವುದು ಬೆರಳಿನಿಂದಲ್ಲ

ಅಂಗೈಯಲ್ಲಿ, ಬೆರಳ ತುದಿಯಲ್ಲಿ ಎಣ್ಣೆ ಸುರಿಸುವ ಗ್ರಂಥಿಗಳೇ ಇಲ್ಲ. ಅಲ್ಲಿರುವುದು ಬೆವರಿನ ಗ್ರಂಥಿ ಮಾತ್ರ. ಕೀ ಮೇಲೆ ಕೂರುವ ಜಿಡ್ಡು ಹಣೆ, ಮೂಗು, ತಲೆಗೂದಲನ್ನು ಮುಟ್ಟಿದ ಬೆರಳು ಹೊತ್ತು ತಂದದ್ದು, ಇಲ್ಲವೇ ತಟ್ಟೆಯಿಂದ ಬಂದದ್ದು. ಯೋಚಿಸುವಾಗ ತಲೆ ಕೆರೆಯುವ, ಗದ್ದ ಉಜ್ಜುವ ಅಭ್ಯಾಸವಿರುವವರ ಕೀಬೋರ್ಡ್ ಬೇಗ ಮಿರುಗುವುದು ಇದಕ್ಕೇ. ಕೊಬ್ಬರಿ ಎಣ್ಣೆ ಹಚ್ಚಿದ ದಿನವಂತೂ ಕೇಳುವುದೇ ಬೇಡ. ಚಕ್ಕುಲಿ, ಖಾರಾ ಮಿಕ್ಸ್ಚರ್ ಪಕ್ಕದಲ್ಲಿಟ್ಟುಕೊಂಡು ಟೈಪಿಸಿದರೆ ಎಣ್ಣೆಯ ಜೊತೆ ಉಪ್ಪಿನ ಹರಳೂ ಬರುತ್ತದೆ. ಕುರುಕಲು ಬೇಕೇ ಬೇಕೆನ್ನುವವರು ಚಮಚದಲ್ಲಿ ತಿನ್ನಬಹುದು. ನಗು ಬರುವ ಸಲಹೆ, ಆದರೆ ಕೆಲಸ ಮಾಡುತ್ತದೆ.

ಕೂರುವ ಮೊದಲು ಸೋಪಿನಿಂದ 20 ಸೆಕೆಂಡ್ ಕೈ ತೊಳೆದು, ಪೂರ್ತಿ ಒರೆಸಿಕೊಳ್ಳಿ. ಒದ್ದೆ ಬೆರಳು ಧೂಳನ್ನು ಕೀಗೆ ಅಂಟಿಸುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಕೈ ಬೆವರುವವರು ಪಕ್ಕದಲ್ಲೊಂದು ಹತ್ತಿಯ ಕರವಸ್ತ್ರ ಇಟ್ಟುಕೊಂಡು ಆಗಾಗ ಬೆರಳು ಒತ್ತಿಕೊಂಡರೆ ಸಾಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೆವರಿಗಿಂತ ಧೂಳಿನ ಕಾಟ ಹೆಚ್ಚು. ಮಣ್ಣಿನ ಧೂಳಿನಲ್ಲಿರುವ ಸ್ಫಟಿಕದ ಕಣ ಎಬಿಎಸ್‌ಗಿಂತ ಎಷ್ಟೋ ಪಾಲು ಗಡಸು. ಬೆರಳಿನ ಕೆಳಗೆ ಅದು ಉಪ್ಪುಕಾಗದವಾಗುತ್ತದೆ. ಅಲ್ಲಿ ಕೆಲಸ ಮುಗಿದೊಡನೆ ಲಿಡ್ ಮುಚ್ಚುವುದೇ ದೊಡ್ಡ ರಕ್ಷಣೆ. ಪಾಠ ಮುಗಿಸಿ ಬಂದ ಮೇಷ್ಟ್ರುಗಳ ಬೆರಳಿನ ಸೀಮೆಸುಣ್ಣ ಮೆತು, ಅಷ್ಟು ಗೀರುವುದಿಲ್ಲ. ಆದರೆ ಜಿಡ್ಡಿನೊಂದಿಗೆ ಸೇರಿ ಅಂಚುಗಳಲ್ಲಿ ಬಿಳಿ ಕೆಸರಾಗುತ್ತದೆ.

ಕ್ರೀಮುಗಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಮಾಯಿಶ್ಚರೈಸರ್ ಬರೀ ಜಿಡ್ಡು. ಆದರೆ ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ನಿವಾರಕ ಕೆಲವು ಪ್ಲಾಸ್ಟಿಕ್, ಬಣ್ಣಗಳನ್ನು ಕರಗಿಸುವ ಗುಣದ್ದು, ಸನ್‌ಸ್ಕ್ರೀನಿನ ಕೆಲವು ಅಂಶಗಳೂ ಲೇಪವನ್ನು ಮೆತ್ತಗಾಗಿಸುತ್ತವೆ. ಮೆತ್ತಗಾದ ಲೇಪದ ಮೇಲೆ ಬೆರಳು ಆಡಿದರೆ ಸವೆತಕ್ಕೆ ತಿಂಗಳುಗಳು ಬೇಕಿಲ್ಲ. ಇವನ್ನು ಹಚ್ಚಿದ ಮೇಲೆ ಅಂಗೈ ಮತ್ತು ಬೆರಳ ತುದಿಗಳನ್ನು ಸೋಪಿನಿಂದ ತೊಳೆದೇ ಕೀಬೋರ್ಡ್ ಮುಟ್ಟಿ. ತೋಳಿಗೆ ಹಚ್ಚಿದ್ದು ಮಣಿಕಟ್ಟಿನಿಂದ ಕೀ ಪಕ್ಕದ ಪ್ಲಾಸ್ಟಿಕ್ಕಿಗೆ ಇಳಿಯುವುದೂ ಉಂಟು.

ಒರೆಸುವ ಕ್ರಮ

ಬೇಕಾದದ್ದು ಇಷ್ಟು: ನಯವಾದ ಮೈಕ್ರೋಫೈಬರ್ ಬಟ್ಟೆ ಎರಡು, ಕ್ಯಾಮೆರಾದವರು ಬಳಸುವ ರಬ್ಬರ್ ಬ್ಲೋವರ್ ಒಂದು, ಮೆತ್ತನೆಯ ಬಣ್ಣದ ಕುಂಚ ಅರ್ಧ ಇಂಚಿನದು, ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲ್ 50 ಮಿ.ಲೀ., ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಡಿಸ್ಟಿಲ್ಡ್ ವಾಟರ್.

ಬೆಂಗಳೂರಿನ ಎಸ್‌.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸಿಗುವ ಆಲ್ಕೊಹಾಲ್ ಸಾಮಾನ್ಯವಾಗಿ ಶೇ 99ರದು. ಅದನ್ನು ಹಾಗೇ ಬಳಸಬೇಡಿ. ಅದು ಜಿಡ್ಡನ್ನು ಸಡಿಲಿಸುವ ಮೊದಲೇ ಆವಿಯಾಗುತ್ತದೆ, ಲೇಪದ ಮೇಲೂ ಜೋರು. 70 ಮಿ.ಲೀ. ಆಲ್ಕೊಹಾಲಿಗೆ 30 ಮಿ.ಲೀ. ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಹದ ಸರಿಯಾಗುತ್ತದೆ. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಬೆರೆಸಿ. ಬ್ಯಾಟರಿಗೆ ಹಾಕುವ ನೀರೆಂದು ಆಟೊಮೊಬೈಲ್ ಅಂಗಡಿಯಲ್ಲಿ ಕೊಡುವ ಡಿಸ್ಟಿಲ್ಡ್ ವಾಟರ್ ಸಾಕು. ಬೋರ್‌ವೆಲ್ ನೀರು ಬೇಡ, ಆರಿದ ಮೇಲೆ ಕಪ್ಪು ಕೀ ಮೇಲೆ ಸುಣ್ಣದ ಬಿಳಿ ಬಳೆಗಳು ಉಳಿಯುತ್ತವೆ.

1. ಶಟ್‌ಡೌನ್ ಮಾಡಿ, ಚಾರ್ಜರ್, ಯುಎಸ್‌ಬಿ ಎಲ್ಲ ಕಿತ್ತಿಡಿ. ಸ್ಲೀಪ್ ಸಾಲದು. ಕೆಲವು ಲ್ಯಾಪ್‌ಟಾಪ್‌ಗಳು ಆರಿದ್ದರೂ ಯಾವುದೋ ಕೀ ಒತ್ತಿದಾಗ ಎಚ್ಚರಗೊಳ್ಳುತ್ತವೆ. ಹಾಗಾದರೆ ಮತ್ತೆ ಆರಿಸಿ. ಮ್ಯಾಕ್‌ನಲ್ಲಿ ಕೀಗಳನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವ ಕೀಬೋರ್ಡ್‌ಕ್ಲೀನ್‌ಟೂಲ್‌ನಂಥ ಉಚಿತ ಆ್ಯಪ್ ಇದಕ್ಕೆ ಅನುಕೂಲ.

2. ಮೊದಲು ಒಣ ಧೂಳು. ಲ್ಯಾಪ್‌ಟಾಪನ್ನು ನೆಟ್ಟಗೆ ನಿಲ್ಲುವುದಕ್ಕಿಂತ ತುಸು ಓರೆಯಾಗಿ ಹಿಡಿದು ಸಾಲುಸಾಲಾಗಿ ಎಡದಿಂದ ಬಲಕ್ಕೆ ಗಾಳಿ ಹೊಡೆಯಿರಿ. ಆಪಲ್ ತನ್ನ ಮ್ಯಾಕ್‌ಬುಕ್‌ಗಳಿಗೆ ಹೇಳುವ ಕೋನ 75 ಡಿಗ್ರಿ. ಆಮೇಲೆ ಬಲಕ್ಕೆ ವಾಲಿಸಿ ಒಮ್ಮೆ, ಎಡಕ್ಕೆ ವಾಲಿಸಿ ಒಮ್ಮೆ ಹೊಡೆಯಲು ಅದು ತಿಳಿಸುತ್ತದೆ. ಬೇರೆ ಲ್ಯಾಪ್‌ಟಾಪಿಗೂ ಈ ಕ್ರಮ ಒಪ್ಪುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡ, ಅದರ ಗಾಳಿಯಲ್ಲಿ ನೀರೂ ಎಣ್ಣೆಯೂ ಇರುತ್ತವೆ, ಒತ್ತಡಕ್ಕೆ ಕೀ ಹಾರಿಹೋಗಬಹುದು.

3. ಅಂಚುಗಳಲ್ಲಿ ಉಳಿದದ್ದನ್ನು ಒಣ ಕುಂಚದಿಂದ ಹೊರಕ್ಕೆ ಗುಡಿಸಿ. ಧೂಳು ಇರುವಾಗಲೇ ಒದ್ದೆ ಬಟ್ಟೆ ಹಾಕುವುದು ಕೀಬೋರ್ಡ್ ಶುಚಿಯಲ್ಲಿ ಅತಿ ಸಾಮಾನ್ಯ ತಪ್ಪು. ಕಣಗಳು ಬಟ್ಟೆಗೆ ಹತ್ತಿ ಕೀಗಳಿಗೆಲ್ಲ ಸಾಣೆ ಹಿಡಿಯುತ್ತವೆ.

4. 250 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ ಎರಡು ಹನಿ ಲಿಕ್ವಿಡ್ ಬೆರೆಸಿ. ಬಟ್ಟೆಯನ್ನು ಅದ್ದಿ, ಇನ್ನೊಂದು ಹನಿಯೂ ಬೀಳದಷ್ಟು ಹಿಂಡಿ. ತಿಂಡಿಯ ಎಣ್ಣೆ, ಕೊಬ್ಬರಿ ಎಣ್ಣೆಗೆ ಆಲ್ಕೊಹಾಲಿಗಿಂತ ಸೋಪೇ ವಾಸಿ, ಲೇಪಕ್ಕೂ ಸೌಮ್ಯ. ಒಂದು ಸಾಲಿನ ಮೇಲೆ ಎಡದಿಂದ ಬಲಕ್ಕೆ ಎಳೆದು, ಎತ್ತಿ, ಬಟ್ಟೆಯ ಹೊಸ ಮಡಿಕೆ ತಿರುಗಿಸಿ ಮುಂದಿನ ಸಾಲಿಗೆ ಹೋಗಿ. ಸುತ್ತುಸುತ್ತಾಗಿ ತಿಕ್ಕಬೇಡಿ.

5. ಎರಡನೇ ಬಟ್ಟೆಯನ್ನು ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಹಾಗೇ ಹಿಂಡಿ ಒಮ್ಮೆ ಒರೆಸಿ. ಸೋಪಿನ ಪದರ ಉಳಿದರೆ ಅದೂ ಹೊಳೆಯುತ್ತದೆ.

6. ಇನ್ನೂ ಹೊಳೆಯುವ ಕೀಗಳಿಗೆ ಮಾತ್ರ ಆಲ್ಕೊಹಾಲ್. ಬಟ್ಟೆಯ ಮೂಲೆಗೆ ಮೂರ್ನಾಲ್ಕು ಹನಿ ಹಾಕಿದರೆ ಹತ್ತು ಕೀಗಳಿಗೆ ಬರುತ್ತದೆ. ಕೀಬೋರ್ಡಿನ ಮೇಲೆ ನೇರವಾಗಿ ಸ್ಪ್ರೇ ಮಾಡುವುದು ಬೇಡವೇ ಬೇಡ. ಕೀ ಸಂದಿಯಿಂದ ಇಳಿದ ದ್ರವ ಕೆಳಗಿನ ಮೆಂಬ್ರೇನಿಗೆ, ಅಂದರೆ ಒತ್ತಿದ್ದನ್ನು ಗುರುತಿಸುವ ತೆಳು ಹಾಳೆಗೆ, ಹೋದರೆ ಕೀಗಳು ತಾವಾಗಿ ಒತ್ತಿಕೊಂಡಂತೆ ವರ್ತಿಸತೊಡಗುತ್ತವೆ.

7. ಹದಿನೈದು ನಿಮಿಷ ಲಿಡ್ ತೆರೆದಿಟ್ಟು ಆರಿಸಿ, ಆಮೇಲೆ ಆನ್ ಮಾಡಿ. ಒದ್ದೆ ಇರುವಾಗ ಲಿಡ್ ಮುಚ್ಚಿದರೆ ಪರದೆಯ ಮೇಲೆ ಕೀಗಳ ಚೌಕ ಅಚ್ಚು ಬೀಳುತ್ತದೆ.

ಎಷ್ಟು ಒತ್ತಡ ಎಂಬುದಕ್ಕೆ ಅಳತೆಗೋಲು ಕೀಬೋರ್ಡಿನಲ್ಲೇ ಇದೆ. ಲ್ಯಾಪ್‌ಟಾಪಿನ ಕೀ ಇಳಿಯಲು ಸುಮಾರು 60 ಗ್ರಾಂ ಭಾರ ಬೇಕು. ಒರೆಸುವಾಗ ಕೀ ಕೆಳಗಿಳಿದು ಟಿಕ್ ಎಂದರೆ ನೀವು ಅದಕ್ಕಿಂತ ಜಾಸ್ತಿ ಒತ್ತುತ್ತಿದ್ದೀರಿ. ಸದ್ದಿಲ್ಲದೆ ಒರೆಸಲು ಬಂದರೆ ಕೈ ಹದಕ್ಕೆ ಬಂದಿದೆ.

ವಾರಕ್ಕೊಮ್ಮೆ ಗಾಳಿ ಮತ್ತು ಒಣ ಬಟ್ಟೆ, ಹದಿನೈದು ದಿನಕ್ಕೊಮ್ಮೆ ಸೋಪಿನ ನೀರು, ಆಲ್ಕೊಹಾಲ್ ತಿಂಗಳಿಗೊಮ್ಮೆಗಿಂತ ಹೆಚ್ಚು ಬೇಡ. ದಿನಾ ಆಲ್ಕೊಹಾಲ್ ಹಾಕುವವರ ಕೀಬೋರ್ಡು ಜಿಡ್ಡಿಲ್ಲದೆಯೂ ಹೊಳೆಯತೊಡಗುತ್ತದೆ. ಕಚೇರಿಯಲ್ಲಿ ಹಲವರು ಬಳಸುವ ಲ್ಯಾಪ್‌ಟಾಪಿಗೆ ಸೋಂಕಿನ ಕಾರಣಕ್ಕೆ ದಿನವೂ ಒರೆಸಬೇಕಾಗಬಹುದು. ಅಲ್ಲಿ ಹೊಳಪಿಗಿಂತ ಆರೋಗ್ಯ ಮುಖ್ಯ, ಆ ಕೀಬೋರ್ಡನ್ನು ಸವೆಯಲೆಂದೇ ಇಟ್ಟದ್ದು ಎಂದುಕೊಳ್ಳಿ. ಬಟ್ಟೆಗಳನ್ನು ಒಗೆಯುವಾಗ ಕಂಫರ್ಟ್‌ನಂಥ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ. ಅದು ನೂಲಿಗೆ ಹಿಡಿಸಿದ ನುಣುಪು ಕೀಗೂ ಹತ್ತುತ್ತದೆ, ಬಟ್ಟೆ ಜಿಡ್ಡು ಹೀರುವುದನ್ನೂ ನಿಲ್ಲಿಸುತ್ತದೆ.

ಕೀ ಹತ್ತಿರ ಸುಳಿಯಬಾರದವು

ಅಸಿಟೋನ್, ಅಂದರೆ ಅದಿರುವ ನೇಲ್ ಪಾಲಿಶ್ ರಿಮೂವರ್, ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಒಂದು ಹನಿಗೆ ಅಕ್ಷರವೂ ತರಿಯೂ ಹೋಗಿ ಬೆರಳಚ್ಚು ಮೂಡುತ್ತದೆ. ಥಿನ್ನರ್, ಪೆಟ್ರೋಲ್ ಕೂಡ ಹತ್ತಿರ ಬೇಡ. ಟೂತ್‌ಪೇಸ್ಟ್, ಅಡುಗೆ ಸೋಡಾ, ‘ಮ್ಯಾಜಿಕ್’ ಎಂದು ಮಾರುವ ಬಿಳಿ ಮೆಲಮೈನ್ ಸ್ಪಂಜು, ಇವೆಲ್ಲ ಮೂಲತಃ ಉಜ್ಜಿ ತೆಗೆಯುವ ವಸ್ತುಗಳು. ಮೆಲಮೈನ್ ಸ್ಪಂಜು ಮೆತ್ತಗಿದೆಯೆಂದು ನಂಬಬೇಡಿ, ಅದು ಅತಿ ನಯವಾದ ಉಪ್ಪುಕಾಗದ. ಗೋಡೆಯ ಪೆನ್ಸಿಲ್ ಗೀಟಿಗೆ ಸರಿ.

ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಚರ್ಮ ಒಣಗದಿರಲೆಂದು ಗ್ಲಿಸರಿನ್ ಸೇರಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೇ ಅದು ಶೇ 1.45 ಇದೆ. ಆಲ್ಕೊಹಾಲ್ ಹಾರಿಹೋಗಿ ಗ್ಲಿಸರಿನ್ ಕೀ ಮೇಲೆ ಉಳಿಯುತ್ತದೆ, ಧೂಳನ್ನು ಹಿಡಿಯುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಆರುವವರೆಗೆ ಟೈಪಿಸಬೇಡಿ ಎನ್ನುವುದೂ ಇದೇ ಕಾರಣಕ್ಕೆ. ಇನ್ನು ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿ ‘ಹೊಸದರಂತೆ’ ಮಾಡುವವರಿದ್ದಾರೆ. ಅದರ ಸಿಲಿಕೋನ್ ಎಣ್ಣೆ ಎಲ್ಲ ಕೀಗಳನ್ನೂ ಸಮನಾಗಿ ಹೊಳೆಯಿಸುತ್ತದೆ, ಅಷ್ಟೇ.

ಕವರ್ ಹಾಕಬೇಕೇ

ಹಾಕಬಹುದು, ಷರತ್ತುಗಳೊಂದಿಗೆ. ಮಾರುಕಟ್ಟೆಯ ಸಿಲಿಕೋನ್ ಕವರ್ ಸುಮಾರು 0.3 ಮಿ.ಮೀ. ದಪ್ಪ, ಟಿಪಿಯು ಎಂಬ ಬಾಗುವ ಪ್ಲಾಸ್ಟಿಕ್ಕಿನದು ಅದಕ್ಕಿಂತ ತೆಳು, ಬೆರಳಿಗೆ ಕೀಯ ಅಂಚೂ ಸಿಗುತ್ತದೆ. ಟೈಪಿಸಲು ಟಿಪಿಯುವೇ ಮೇಲು. ಸಿಲಿಕೋನ್ ಬೆರಳನ್ನು ಹಿಡಿಯುತ್ತದೆ, ವೇಗ ಇಳಿಯುತ್ತದೆ.

ಷರತ್ತು ಒಂದು: ಲಿಡ್ ಮುಚ್ಚುವ ಮೊದಲು ಕವರ್ ತೆಗೆಯಿರಿ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೀಗೂ ಪರದೆಗೂ ನಡುವಿನ ಜಾಗ ಕೂದಲೆಳೆಯಷ್ಟು. ಆಪಲ್ ಕ್ಯಾಮೆರಾ ಮುಚ್ಚಳದ ವಿಷಯದಲ್ಲೇ 0.1 ಮಿ.ಮೀ.ಗಿಂತ, ಅಂದರೆ ಸಾಮಾನ್ಯ ಪ್ರಿಂಟರ್ ಹಾಳೆಗಿಂತ ದಪ್ಪದ್ದು ಬೇಡವೆನ್ನುತ್ತದೆ. ಕವರ್ ಉಳಿಸಿ ಮುಚ್ಚಿ, ಬ್ಯಾಗಿಗೆ ತುರುಕಿ, ಬಸ್ಸಿನಲ್ಲಿ ಮೇಲೊಂದು ಚೀಲ ಬಿದ್ದರೆ ಹೋಗುವುದು ಪರದೆ. ಕೀ ಹೊಳಪಿಗೆ ಹೆದರಿ ಪರದೆ ಕಳೆದುಕೊಳ್ಳುವ ವ್ಯಾಪಾರ ಯಾರಿಗೂ ಬೇಡ.

ಎರಡು: ಕೆಲವು ಲ್ಯಾಪ್‌ಟಾಪ್‌ಗಳು ಕೀ ಸಂದಿಗಳಿಂದಲೂ ಗಾಳಿ ಎಳೆಯುತ್ತವೆ. ಕವರ್ ಹಾಕಿದಾಗ ಫ್ಯಾನ್ ಸದ್ದು ಹೆಚ್ಚಾದರೆ ಭಾರೀ ಕೆಲಸದ ಹೊತ್ತಿನಲ್ಲಿ ತೆಗೆದಿಡಿ. ಮೂರು: ವಾರಕ್ಕೊಮ್ಮೆ ಕವರನ್ನು ಸೋಪಿನಲ್ಲಿ ತೊಳೆದು, ಒಣಗಿಸಿ, ಕೆಳಗಿನ ಧೂಳು ಊದಿ ಮತ್ತೆ ಹಾಕಿ. ಕವರಿನ ಕೆಳಗೆ ಧೂಳು ಸಿಕ್ಕಿಕೊಂಡರೆ ಪ್ರತಿ ಒತ್ತಿಗೂ ಅದು ಕೀಯ ಮೇಲ್ಮೈಯನ್ನು ಉಜ್ಜುತ್ತಿರುತ್ತದೆ. ವರ್ಷಗಟ್ಟಲೆ ಹಾಕಿದ ಕವರ್ ತೆಗೆದು ನೋಡಿ ‘ಇದೇನು ಹೀಗಾಗಿದೆ’ ಎಂದರೆ ಕಾರಣ ಇದು.

ಕೊಳ್ಳುವಾಗ ಮಾದರಿ ಸಂಖ್ಯೆಯ ಜೊತೆ ಎಂಟರ್ ಕೀ ಆಕಾರ ನೋಡಿ. ಭಾರತದಲ್ಲಿ ಮಾರುವ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಎಂಟರ್ ಉದ್ದನೆಯ ಪಟ್ಟಿ. ಲಂಡನ್ನಿನಿಂದಲೋ ಜರ್ಮನಿಯಿಂದಲೋ ಅಣ್ಣ ತಂದುಕೊಟ್ಟದ್ದಾದರೆ ಎಂಟರ್ ಎರಡು ಸಾಲಿನದ್ದಾಗಿರುತ್ತದೆ, ಎಡ ಶಿಫ್ಟ್ ಪಕ್ಕ ಒಂದು ಕೀ ಹೆಚ್ಚಿರುತ್ತದೆ. ಇಲ್ಲಿನ ಕವರ್ ಅದಕ್ಕೆ ಕೂರದು.

ಕೀಗಳಿಗೆ ಸ್ಟಿಕರ್

ಕನ್ನಡ ಅಕ್ಷರದ ಸ್ಟಿಕರ್ ಅಂಟಿಸುವವರಿಗೆ ಒಂದೇ ಕಲ್ಲಿಗೆ ಎರಡು ಹಣ್ಣು: ಅಕ್ಷರವೂ ಕಾಣುತ್ತದೆ, ಕೀಯೂ ಉಳಿಯುತ್ತದೆ. ಆದರೆ ಆಯ್ಕೆ ಸರಿಯಿರಬೇಕು. ಪಾರದರ್ಶಕ ಹೊಳಪಿನ ಸ್ಟಿಕರ್ ಹಾಕಿದರೆ ಮೊದಲ ದಿನದಿಂದಲೇ ಇಡೀ ಕೀಬೋರ್ಡ್ ಮಿರುಗುತ್ತದೆ. ಮ್ಯಾಟ್ ಲ್ಯಾಮಿನೇಷನ್ ಇರುವುದನ್ನೇ ಕೇಳಿ. ಲ್ಯಾಮಿನೇಷನ್ ಇಲ್ಲದೆ ಬರೀ ಮೇಲೆ ಅಚ್ಚಾದ ಅಕ್ಷರ ಬೇಗ ಅಳಿಸುತ್ತದೆ. ಅಪಾರದರ್ಶಕ ಸ್ಟಿಕರ್ ಹಿಂಬೆಳಕನ್ನು ಮುಚ್ಚುತ್ತದೆ ಎಂಬುದು ನೆನಪಿರಲಿ. ವಿನ್ಯಾಸವೂ ನಿಮ್ಮದೇ ಆಗಿರಬೇಕು: ಇನ್‌ಸ್ಕ್ರಿಪ್ಟ್ ಸ್ಟಿಕರ್ ನುಡಿ ಬಳಸುವವರಿಗೆ ಗೊಂದಲವಷ್ಟೇ.

ಅಂಟಿಸುವ ಮೊದಲು ಕೀಯನ್ನು ಆಲ್ಕೊಹಾಲಿನಿಂದ ಒರೆಸಿ ಎರಡು ನಿಮಿಷ ಬಿಡಿ. ಚಿಮಟದಲ್ಲಿ ಹಿಡಿದು, ಮೇಲಿನ ಅಂಚನ್ನು ಮೊದಲು ಕೂರಿಸಿ ಕೆಳಕ್ಕೆ ಇಳಿಸುತ್ತ ಬನ್ನಿ. ಸ್ಟಿಕರ್ ಕೀಗಿಂತ ಸುತ್ತ ಅರ್ಧ ಮಿ.ಮೀ. ಒಳಗೇ ಇರಲಿ, ಹೊರಚಾಚಿದರೆ ಪಕ್ಕದ ಕೀಗೆ ತಾಗಿ ಏಳುತ್ತದೆ. ಪ್ರತಿ ಅಂಚನ್ನೂ ಹತ್ತು ಸೆಕೆಂಡ್ ಒತ್ತಿ. ಅಂಟು ಪೂರ್ತಿ ಹಿಡಿಯಲು ಒಂದು ದಿನ ಬೇಕು, ರಾತ್ರಿ ಅಂಟಿಸುವುದು ಒಳ್ಳೆಯದು. ಎಫ್ ಮತ್ತು ಜೆ ಕೀಗಳ ಉಬ್ಬುಗೆರೆಗೆ ಜಾಗ ಬಿಟ್ಟ ಸ್ಟಿಕರ್ ಇಲ್ಲದಿದ್ದರೆ ಅವೆರಡಕ್ಕೆ ಹಾಕಲೇಬೇಡಿ.

ತೆಗೆಯುವಾಗ ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿ, ಒಂದು ಗೇಣು ದೂರದಲ್ಲಿ ಹಿಡಿದು 20 ಸೆಕೆಂಡ್ ಬೆಚ್ಚಗೆ ಮಾಡಿ. ಕೈಗೆ ಸುಡುವಷ್ಟಾಗಬಾರದು. ಮೇಲಕ್ಕೆ ಕೀಳದೆ ಮಡಚಿದಂತೆ ಹಿಂದಕ್ಕೆ ಎಳೆಯಿರಿ. ಮೇಲಕ್ಕೆ ಕಿತ್ತರೆ ಕೀಯೇ ಬರಬಹುದು, ಹಳೇ ಕೀಬೋರ್ಡಾದರೆ ಬಣ್ಣವೂ ಬರಬಹುದು.

ದಿನಕ್ಕೆ ಆರೇಳು ಗಂಟೆ ಟೈಪಿಸುವವರಿಗೆ

ಹೊರಗಿನ ಕೀಬೋರ್ಡ್ ಕೊಳ್ಳಿ. ಮೇಲಿನ ಯಾವ ಉಪಾಯವೂ ಇದಕ್ಕೆ ಸಮವಲ್ಲ. ಸವೆದರೆ ಅದನ್ನು ಬದಲಿಸಬಹುದು, ಲ್ಯಾಪ್‌ಟಾಪಿನದು ಹಾಗೇ ಉಳಿಯುತ್ತದೆ, ಮಣಿಕಟ್ಟಿಗೂ ಆರಾಮ. ಪ್ರತಿ ಕೀಗೂ ಬೇರೆ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡ್ ತೆಗೆದುಕೊಳ್ಳುವಿರಾದರೆ ಕೀಗಳು ಪಿಬಿಟಿ ಎಂಬ ಪ್ಲಾಸ್ಟಿಕ್ಕಿನದೇ ಎಂದು ವಿವರಣೆಯಲ್ಲಿ ನೋಡಿ. ಪಿಬಿಟಿ ಎಬಿಎಸ್‌ಗಿಂತ ತಡವಾಗಿ ಸವೆಯುತ್ತದೆ. ಎಂದೂ ಹೊಳೆಯುವುದಿಲ್ಲ ಎಂದು ಮಾರುವವರ ಮಾತು ನಂಬಬೇಡಿ, ತಡವಾಗುತ್ತದೆ ಅಷ್ಟೇ. ಅಕ್ಷರ ಡೈ-ಸಬ್ಲಿಮೇಷನ್ ಆಗಿದ್ದರೆ ಶಾಯಿ ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿದಿರುತ್ತದೆ. ಡಬಲ್‌ಶಾಟ್ ಆಗಿದ್ದರೆ ಅಕ್ಷರವೇ ಬೇರೊಂದು ಬಣ್ಣದ ಪ್ಲಾಸ್ಟಿಕ್ಕು, ಅಳಿಸುವ ಮಾತೇ ಇಲ್ಲ. ಆಟ ಆಡುವ ಮಕ್ಕಳಿರುವ ಮನೆಯಲ್ಲಿ ಅಗ್ಗದ್ದಾದರೂ ಒಂದು ಹೊರಗಿನ ಕೀಬೋರ್ಡ್ ಇರಲಿ. ಬೆರಳು ನಾಲ್ಕು ಕೀಗಳ ಮೇಲೆ ಗಂಟೆಗಟ್ಟಲೆ ಜಾರುವುದು ಆಟದಲ್ಲೇ.

ಸವೆದಾಗಿದ್ದರೆ

ನುಣುಪಾದ ಕೀಯನ್ನು ಮತ್ತೆ ತರಿಯಾಗಿಸಲು ನಯವಾದ ಉಪ್ಪುಕಾಗದ ಹಾಕಿ ನೋಡುವ ಆಸೆ ಬರುತ್ತದೆ. ಹಿಂಬೆಳಕಿನ ಕೀಗೆ ಅದು ಬಣ್ಣ ಕೆರೆಯುವ ಕೆಲಸ. ಸಾದಾ ಕೀಗೂ ಒಂದೇ ದಿಕ್ಕಿನ ಗೀರುಗಳು ಬೀಳುತ್ತವೆಯೇ ಹೊರತು ಅಚ್ಚಿನ ತರಿ ಮರಳುವುದಿಲ್ಲ. ಮಂಕು ಸ್ಪ್ರೇ ಪೇಂಟ್ ಕೂಡ ಬೆರಳಿನ ಕೆಳಗೆ ಬಾಳುವುದಿಲ್ಲ. ಹೊಳಪು ನೋಡಲು ಮಾತ್ರ ಕೆಟ್ಟದ್ದು, ಕೀ ಕೆಲಸ ಮಾಡುತ್ತಿರುತ್ತದೆ. ಬಿಟ್ಟುಬಿಡುವುದು ನಾಚಿಕೆಗೇಡಿನ ಆಯ್ಕೆಯಲ್ಲ. ಸಾಮಾನ್ಯ ಬಳಕೆಯ ಸವೆತ ವಾರಂಟಿಗೆ ಬರುವುದಿಲ್ಲ. ಆದರೆ ಕೊಂಡ ಕೆಲವೇ ತಿಂಗಳಲ್ಲಿ ಅಕ್ಷರವೇ ಅಳಿಸಿದ್ದರೆ ಫೋಟೊ ಸಹಿತ ಸರ್ವಿಸ್ ಸೆಂಟರಿನಲ್ಲಿ ಕೇಳಿ ನೋಡಿ.

ಬದಲಿಸಲೇಬೇಕೆಂದರೆ ಬಿಡಿ ಕೀ ಮಾರುವವರು ಆನ್‌ಲೈನಿನಲ್ಲಿದ್ದಾರೆ. ಒಂದೇ ಮಾದರಿಯ ಲ್ಯಾಪ್‌ಟಾಪಿನಲ್ಲೂ ಕೀ ಕೆಳಗಿನ ಕತ್ತರಿಯಂಥ ಹಿಂಜ್ ಬೇರೆಬೇರೆ ಇರಬಹುದು. ಹಾಗಾಗಿ ಹಿಂಜಿನ ಫೋಟೊ ಹೋಲಿಸಿಯೇ ಕೊಳ್ಳಿ. ತೆಗೆಯಲು ಗಿಟಾರ್ ಪಿಕ್‌ನಂಥ ತೆಳು ಪ್ಲಾಸ್ಟಿಕ್ ಬಳಸಿ. ಸ್ಕ್ರೂಡ್ರೈವರ್ ಪಕ್ಕದ ಕೀಗೂ ಗೀರುತ್ತದೆ. ಒಂದು ಬದಿ ಕೊಕ್ಕೆ, ಇನ್ನೊಂದು ಬದಿ ಕ್ಲಿಪ್ ಇರುತ್ತದೆ, ಕ್ಲಿಪ್ ಬದಿಯಿಂದ ಎತ್ತಬೇಕು. ಯಾವ ಬದಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ಮಾದರಿಯದೇ ವಿಡಿಯೊ ನೋಡದೆ ಕೈ ಹಾಕಬೇಡಿ. ಸ್ಪೇಸ್‌ಬಾರ್, ಎಂಟರ್, ಶಿಫ್ಟಿನ ಕೆಳಗೆ ತಂತಿ ಇರುತ್ತದೆ, ಅದು ಬಾಗಿದರೆ ಕೀ ಒಂದು ಬದಿ ಮಾತ್ರ ಇಳಿಯುತ್ತದೆ. ಕೂರಿಸುವಾಗ ಕೊಕ್ಕೆ ಬದಿ ಮೊದಲು ಸೇರಿಸಿ, ಆಮೇಲೆ ಕ್ಲಿಪ್ ಬದಿಯನ್ನು ಟಿಕ್ ಎನ್ನುವವರೆಗೆ ಒತ್ತಿ.

ಇಡೀ ಕೀಬೋರ್ಡ್ ಬದಲಿಸುವ ಖರ್ಚು ಲ್ಯಾಪ್‌ಟಾಪಿನ ರಚನೆಯ ಮೇಲೆ ನಿಂತಿದೆ. ಫ್ರೇಮ್‌ವರ್ಕ್‌ನಂಥ ಕಂಪನಿ ಕೀಬೋರ್ಡನ್ನು ಬಿಡಿಭಾಗವಾಗಿಯೇ ಮಾರುತ್ತದೆ. ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮೇಲಿನ ಲೋಹದ ಹೊದಿಕೆಗೇ ರಿವೆಟ್ ಹೊಡೆದಿರುತ್ತಾರೆ, ಹೊದಿಕೆಯೂ ಸೇರಿ ಬದಲಾಗಬೇಕು. ಎಸ್ಟಿಮೇಟ್ ಕೇಳುವಾಗ ‘ಬರೀ ಕೀಬೋರ್ಡೋ, ಟಾಪ್ ಕೇಸ್ ಸಮೇತವೋ’ ಎಂದು ಮೊದಲೇ ಕೇಳಿ.

ಬಿಡಿ ಕೀ ತರಿಸುವಾಗ ಒಂದನ್ನೇ ತರಿಸಬೇಡಿ. ಹೊಳೆಯುವ ಸಾಲಿನ ನಡುವೆ ಹೊಸ ಕೀಯೊಂದೇ ಮಂಕಾಗಿ ಕೂತರೆ ಅದು ಮೊದಲಿನ ಹೊಳಪಿಗಿಂತಲೂ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ. ಪಕ್ಕಪಕ್ಕದ ನಾಲ್ಕೈದನ್ನು ಒಟ್ಟಿಗೆ ಬದಲಿಸಿ, ತೆಗೆದ ಹಳೇ ಕೀಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ಇಟ್ಟಿರಿ. ಹೊಸದರ ಕ್ಲಿಪ್ ಮುರಿದ ದಿನ ಅವೇ ಬೇಕಾಗುತ್ತವೆ.